ದುರ್ಗದ ಕೆಂದಲೆ ಗಿಣಿ ನೋಡಬೇಕಾ? ಬೂದು ತಲೆಯಿಂದ ಶುರು ಮಾಡಿ

ತುಮಕೂರಿನ ಒಂದು ಮ್ಯಾಚಿಂಗ್ ಸೆಂಟರ್‌ನಲ್ಲಿ ನನ್ನ ಕೆಲಸ. ಸೀರೆಗೆ ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ದಾರ ಹೊಂದಿಸಿ ಕೊಡುವುದು. ಹದಿನಾಲ್ಕು ವರ್ಷದಿಂದ ಬಣ್ಣ ನೋಡಿಯೇ ಅನ್ನ ತಿನ್ನುತ್ತಿದ್ದೇನೆ. ಮನೆ ಊರ್ಡಿಗೆರೆ ಹತ್ತಿರದ ಹಳ್ಳಿ. ದಿನಾ ಸ್ಕೂಟರ್ ಹತ್ತಿ ದೇವರಾಯನದುರ್ಗದ ಕಾಡು ಹಾದು, ನಾಮದ ಚಿಲುಮೆ ದಾಟಿ, ಬೆಳಗುಂಬದ ಮೇಲೆ ಪೇಟೆ ಸೇರುತ್ತೇನೆ. ಅಂಗಡಿ ಬಾಗಿಲು ತೆಗೆಯುವುದು ಹತ್ತಕ್ಕೆ. ನಾನು ಮನೆ ಬಿಡುವುದು ಆರೂವರೆಗೆ. ನಡುವಿನ ಹೊತ್ತು ಗಿಣಿಗಳಿಗೆ, ಅದರಲ್ಲೂ ಕೆಂದಲೆ ಗಿಣಿಗೆ. ಗಿರಾಕಿಗಳ ಬಾಯಲ್ಲಿ ಅದೇ ನೇರಳೆ ತಲೆ ಗಿಣಿ.

ಕೆಲವು ಗಿರಾಕಿಗಳಿಗೆ ಈ ವಿಷಯ ಗೊತ್ತು. "ಅಕ್ಕಾ, ನೀವು ಹೇಳ್ತೀರಲ್ಲ ನೇರಳೆ ತಲೆ ಗಿಣಿ, ಭಾನುವಾರ ದುರ್ಗಕ್ಕೆ ಹೋಗಿದ್ವಿ, ಒಂದೂ ಕಾಣಲಿಲ್ಲ" ಅಂತ ಬಂದು ಬೇಜಾರು ಹೇಳಿಕೊಳ್ಳುತ್ತಾರೆ. ವಿಚಾರಿಸಿದರೆ ಹನ್ನೊಂದು ಗಂಟೆಗೆ ಹೋಗಿರುತ್ತಾರೆ. ಬೆಟ್ಟ ಹತ್ತಿ ನರಸಿಂಹಸ್ವಾಮಿ ದರ್ಶನ ಮಾಡಿ, ಕೋತಿಗಳಿಂದ ಬ್ಯಾಗು ಕಾಪಾಡಿಕೊಂಡು ಕೆಳಗೆ ಇಳಿದಿರುತ್ತಾರೆ. ಅಷ್ಟರಲ್ಲಿ ಒಂದಾದರೂ ಗುಂಪು ಅವರ ತಲೆ ಮೇಲಿಂದಲೇ ಹಾದು ಹೋಗಿರುತ್ತದೆ. ಅವರಿಗೆ ಕೌಂಟರ್ ಮೇಲೆ ಬಟ್ಟೆ ಹರಡಿಕೊಂಡು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಗಂಡಿನ ಬಣ್ಣದ ತಲೆಯನ್ನೇ ಹುಡುಕುತ್ತಾರೆ. ಫೋಟೊದಲ್ಲಿ ನೋಡಿರುವುದು ಅದನ್ನೇ ಅಲ್ವಾ? ಆದರೆ ಬೂದು ತಲೆಯ ಹೆಣ್ಣನ್ನು ಗುರುತಿಸುವುದು ಕಲಿಯುವವರೆಗೂ ಈ ಹಕ್ಕಿ ನಿಮ್ಮ ಕೈಗೆ ಸಿಗುವುದಿಲ್ಲ. ಅವಳು ಕಂಡರೆ ಅವನೂ ಅಲ್ಲೇ ಎಲ್ಲೋ ಇರುತ್ತಾನೆ. ಗೂಡು ಎಲ್ಲಿದೆ, ಮರಿ ಎಲ್ಲಿದೆ ಎಂಬುದೂ ಅವಳನ್ನು ನೋಡಿಯೇ ಗೊತ್ತಾಗುವುದು.

ಕಣ್ಣಿಗಿಂತ ಮುಂಚೆ ಕಿವಿ

ಬೈನಾಕ್ಯುಲರ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಮಾಮೂಲಿ ಹಸಿರು ಗಿಣಿಯ ಕೂಗನ್ನು ಒಂದು ವಾರ ಗಮನ ಕೊಟ್ಟು ಕೇಳಿ. ಸಂಜೆ ತೆಂಗಿನ ತೋಟದ ಮೇಲೆ, ಮಳೆಮರಗಳ ಮೇಲೆ ಗುಂಪಾಗಿ ಬರುತ್ತವಲ್ಲ, ಅವೇ. ಕೆಂಪು ಕೊಕ್ಕು, ಗಂಡಿಗೆ ಕತ್ತಿನಲ್ಲಿ ಕಪ್ಪು ಮತ್ತು ಗುಲಾಬಿ ಉಂಗುರ. ಅದರ ಕೂಗು ಕೀಯಾಕ್, ಕೀಯಾಕ್. ಎಣ್ಣೆ ಕಾಣದ ಬಾವಿ ರಾಟೆ ತಿರುಗಿದ ಹಾಗೆ. ಕಿವಿಗೆ ಚುಚ್ಚುತ್ತದೆ.

ಕೆಂದಲೆ ಗಿಣಿಯದು ಹಾಗಲ್ಲ. ಟೂಯ್ಂಕ್? ಟೂಯ್? ಅಂತ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆಯುತ್ತದೆ. ಅಂಗಳದಲ್ಲಿ ನಿಂತು ಯಾರೋ "ಇದೀರಾ?" ಅಂತ ಕೇಳಿದ ಹಾಗಿರುತ್ತದೆ. ಇಂಪಾದ ದನಿ. ಮಾಮೂಲಿ ಗಿಣಿಯ ಕೂಗು ಕಿವಿಯಲ್ಲಿ ಚೆನ್ನಾಗಿ ಕೂತ ಮೇಲೆ ಈ ಪ್ರಶ್ನೆಯ ಕೂಗು ತಾನಾಗೇ ಬೇರೆಯಾಗಿ ಕೇಳುತ್ತದೆ. ನನಗೆ ಈಗ ಹೆಲ್ಮೆಟ್ ಒಳಗಿಂದಲೂ ಕೇಳುತ್ತದೆ. ಕೇಳಿದ ತಕ್ಷಣ ಗಾಡಿ ಪಕ್ಕಕ್ಕೆ ಹಾಕುತ್ತೇನೆ.

ಒಂದು ವಿಷಯ ನೆನಪಿಡಿ. ಅವು ಕೂಗುವುದು ಹೆಚ್ಚಾಗಿ ಹಾರುವಾಗ. ಮರಕ್ಕೆ ಇಳಿದು ತಿನ್ನಲು ಶುರು ಮಾಡಿದರೆ ಬಾಯಿ ಬಂದ್. ಹತ್ತು ಹಕ್ಕಿ ಕೂತ ಮರದ ಕೆಳಗೇ ನೀವು ನಿಂತಿದ್ದರೂ ಖಾಲಿ ಮರ ಅನ್ನಿಸುತ್ತದೆ. ಹಾಗಾಗಿ ಕೂಗು ಎಲ್ಲಿ ನಿಂತಿತು ಅನ್ನುವುದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳಿ. ಆ ಮರದ ಕಡೆ ಮೆಲ್ಲಗೆ ಹೋಗಿ.

ಹಾರುವಾಗ ಏನು ನೋಡಬೇಕು

ಹಾರುವಾಗ ಬಣ್ಣ ಕಾಣುವುದಿಲ್ಲ. ಬೆಳಿಗ್ಗೆ ಆಕಾಶದ ಎದುರು ಎಲ್ಲ ಗಿಣಿಯೂ ಕಪ್ಪೇ. ನೋಡಬೇಕಾದ್ದು ಹಾರುವ ರೀತಿ. ಮಾಮೂಲಿ ಗಿಣಿಗಳು ಬಾಣ ಬಿಟ್ಟ ಹಾಗೆ ನೇರ ಹೋಗುತ್ತವೆ. ಇವು ಮರಗಳ ನಡುವೆ ತಿರುಗಿ, ಹೊರಳಿ, ಇಡೀ ಗುಂಪು ಒಟ್ಟಿಗೆ ಮಗ್ಗುಲು ಬದಲಿಸಿ ಹೋಗುತ್ತವೆ. ತುಂಬ ವೇಗ. ಮಗ್ಗುಲಾದಾಗ ಬಾಲದ ತುದಿ ಬೆಳ್ಳಗೆ ಮಿಂಚುತ್ತದೆ. ಆ ಬಿಳಿ ಕಂಡರೆ ಬೇರೆ ಅನುಮಾನ ಬೇಡ.

ಗಾತ್ರ ಹೇಳಲು ನನ್ನ ಇಂಚು ಟೇಪನ್ನೇ ತೋರಿಸುತ್ತೇನೆ. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 33 ಸೆಂಟಿಮೀಟರ್, ಅಂದರೆ 13 ಇಂಚು. ಅದರಲ್ಲಿ ಬಾಲವೇ 22 ಸೆಂಟಿಮೀಟರ್‌ವರೆಗೆ ಇರುತ್ತದೆ. ಮೂರರಲ್ಲಿ ಎರಡು ಪಾಲು ಬಾಲ! ಮಾಮೂಲಿ ಗಿಣಿ ಸುಮಾರು 40 ಸೆಂಟಿಮೀಟರ್. ಹಾಗಾಗಿ ಇದರ ಮೈ ಒಂದು ಹಿಡಿಯಷ್ಟೇ. ಹಿಂದೆ ಉದ್ದನೆಯ ಬಾಲ ಎಳೆದುಕೊಂಡು ಹೋದ ಹಾಗೆ ಕಾಣುತ್ತದೆ.

ಕೂತಾಗ: ಕೊಕ್ಕು, ಆಮೇಲೆ ತಲೆ

ಮರದಲ್ಲಿ ಕೂತಿದ್ದರೆ ಮೊದಲು ಕೊಕ್ಕು ನೋಡಿ. ಕೆಂಪಾಗಿದ್ದರೆ ಮಾಮೂಲಿ ಗಿಣಿ. ಅರಿಸಿನ ಹಳದಿ ಅಥವಾ ಕಿತ್ತಳೆ ಬಣ್ಣವಿದ್ದರೆ ನಮ್ಮದು. ತಲೆ ಎಲೆ ಮರೆಯಲ್ಲಿದ್ದರೂ ಇದೊಂದು ಗುರುತು ಸಾಕು.

ಈಗ ಗಂಡಿನ ತಲೆಗೆ ಬರೋಣ. ನಮ್ಮ ಕಡೆ ಇದಕ್ಕೆ ಬೇರೆ ಹೆಸರೇನೂ ಇಲ್ಲ, ಎಲ್ಲವೂ ಗಿಣಿಯೇ. ಓದಿದವರು ಕೆಂದಲೆ ಗಿಳಿ ಅನ್ನುತ್ತಾರೆ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1766ರಲ್ಲಿ ಇಟ್ಟ ವೈಜ್ಞಾನಿಕ ಹೆಸರು ಸಯಾನೊಸೆಫಾಲಾ, ಅಂದರೆ ನೀಲಿ ತಲೆಯದು. ಒಬ್ಬರಿಗೆ ಕೆಂಪು, ಒಬ್ಬರಿಗೆ ನೀಲಿ. ಇಬ್ಬರೂ ಅರ್ಧ ಸರಿ. ಕೊಕ್ಕಿನ ಸುತ್ತ, ಕೆನ್ನೆಯ ಮೇಲೆ ಗುಲಾಬಿ ಕಲೆಸಿದ ಕೆಂಪು. ಹಿಂದಕ್ಕೆ ಹೋದಂತೆ ನೇರಳೆ ಹಣ್ಣಿನ ಬಣ್ಣ. ಕತ್ತಿನ ಹತ್ತಿರ ನೀಲಿ ಕಡೆಗೆ ವಾಲುತ್ತದೆ. ಹಾಸು ಕೆಂಪು, ಹೊಕ್ಕು ನೀಲಿ ಹಾಕಿ ನೇಯ್ದ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಮಡಿಕೆ ತಿರುಗಿಸಿ ನೋಡಿ. ಹಾಗೆ ಬಣ್ಣ ಓಡುತ್ತದೆ. ಇದಕ್ಕೆ ಸರಿಯಾದ ಬ್ಲೌಸ್ ಪೀಸು ನನ್ನ ಅಂಗಡಿಯ ಒಂದು ರ‍್ಯಾಕಿನಲ್ಲೂ ಇಲ್ಲ. ನಾನು ಹುಡುಕಿದ್ದೇನೆ.

ಗಲ್ಲದ ಕೆಳಗೆ ಕಪ್ಪು. ಅದೇ ಕಪ್ಪು ಸಣ್ಣ ಪಟ್ಟಿಯಾಗಿ ಕತ್ತು ಸುತ್ತುತ್ತದೆ, ಪೈಪಿಂಗ್ ಕೊಟ್ಟ ಹಾಗೆ. ಅದರ ಕೆಳಗೆ ಒಂದು ಎಳೆ ರಾಮಾ ಗ್ರೀನ್, ಅಂದರೆ ನೀಲಿ ಕಲೆಸಿದ ಹಸಿರು. ಆಮೇಲೆ ಮೈಯೆಲ್ಲ ಹಸಿರು, ಹೊಟ್ಟೆ ಕಡೆ ಹಳದಿ ಜಾಸ್ತಿ. ರೆಕ್ಕೆಯ ಭುಜದಲ್ಲಿ ಕುಂಕುಮದ ಬೊಟ್ಟಿನ ಹಾಗೆ ಒಂದು ಕೆಂಪು ಮಚ್ಚೆ. ಬಾಲ ನೀಲಿ, ತುದಿ ಬಿಳಿ. ಮೇಲಿನ ಕೊಕ್ಕು ಕಿತ್ತಳೆ ಹಳದಿ, ಕೆಳಗಿನದು ಕಪ್ಪು.

ಅಂತರ್ಜಾಲದಲ್ಲಿ ಇದೇ ಹೆಸರಿನ ಕೆಳಗೆ ಪೂರ್ತಿ ಗುಲಾಬಿ ಮುಖದ, ಬಾಲದ ತುದಿ ಹಳದಿ ಇರುವ ಗಿಣಿಯ ಫೋಟೊ ಕೂಡ ಬರುತ್ತದೆ. ಅದು ಇದರ ನೆಂಟ, ಈಶಾನ್ಯ ರಾಜ್ಯಗಳ ಕಡೆಯದು. ದುರ್ಗದಲ್ಲಿ ಅದನ್ನು ಹುಡುಕಬೇಡಿ.

ಬಣ್ಣದ ಕೆಲಸ ಮಾಡುವವಳಿಗೆ ತುಂಬ ಖುಷಿ ಕೊಟ್ಟ ಒಂದು ಸಂಗತಿ ಹೇಳುತ್ತೇನೆ. ಗಿಣಿಯ ಗರಿಯಲ್ಲಿ ಹಸಿರು ಬಣ್ಣವೇ ಇಲ್ಲ. ಇರುವುದು ಹಳದಿ ಬಣ್ಣ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚೆದುರಿಸಿ ನೀಲಿ ತೋರಿಸುತ್ತದೆ. ಆ ನೀಲಿ ಮತ್ತು ಈ ಹಳದಿ ಕೂಡಿ ನಮ್ಮ ಕಣ್ಣಿಗೆ ಹಸಿರು. ಗಿಣಿಗಳ ಕೆಂಪು, ಹಳದಿ ಬಣ್ಣದ್ದೂ ಒಂದು ವಿಶೇಷ. ಬೇರೆ ಎಷ್ಟೋ ಹಕ್ಕಿಗಳಿಗೆ ಈ ಬಣ್ಣಗಳು ತಿನ್ನುವ ಆಹಾರದಿಂದ ಬರುತ್ತವೆ. ಗಿಣಿಗಳು ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಆ ಬಣ್ಣ ಬೇರೆ ಯಾವ ಹಕ್ಕಿಯ ಜಾತಿಗೂ ಇಲ್ಲ. ಮೂರು ಒಗೆತಕ್ಕೆ ಬಿಡುವ ಬಣ್ಣಗಳ ನಡುವೆ ದಿನ ಕಳೆಯುವ ನನಗೆ ಇದು ಎಷ್ಟು ದೊಡ್ಡದು ಅಂತ ನಿಮಗೆ ಹೇಗೆ ಹೇಳಲಿ.

ಇನ್ನು ಅವಳು. ತಲೆ ನೀಲಿ ಕಲೆಸಿದ ಬೂದು, ಆಷಾಢದ ಮೋಡದ ಬಣ್ಣ. ಕಪ್ಪು ಪಟ್ಟಿ ಇಲ್ಲ. ಅದರ ಬದಲು ಬೂದು ಮುಗಿದು ಹಸಿರು ಶುರುವಾಗುವ ಕಡೆ ಒಂದು ಹಳದಿ ಕೊರಳಪಟ್ಟಿ. ಮೇಲಿನ ಕೊಕ್ಕು ತಿಳಿ ಹಳದಿ. ಭುಜದಲ್ಲಿ ಕೆಂಪು ಮಚ್ಚೆ ಇಲ್ಲ. ಇಷ್ಟೇ. ಬಹಳ ಜನ ಇದನ್ನು "ಯಾವುದೋ ಬೇರೆ ಗಿಣಿ" ಅಂದುಕೊಂಡು ಬಿಟ್ಟುಬಿಡುತ್ತಾರೆ. ಪಶ್ಚಿಮ ಘಟ್ಟದಲ್ಲಿ ನೀಲಿ ಬೂದು ಮೈಯ ಇನ್ನೊಂದು ಗಿಣಿ ಇರುವುದು ನಿಜ. ಅದಕ್ಕೆ ಎದೆಯೂ ಬೂದು. ಅದು ಮಲೆನಾಡಿನದು. ಇಲ್ಲಿ ಬೂದು ತಲೆ, ಹಸಿರು ಎದೆ, ಹಳದಿ ಕೊಕ್ಕು ಕಂಡರೆ ಅವಳೇ.

ಯಾವ ತಿಂಗಳು, ಯಾವ ಮರ

ಭಾರತ ಉಪಖಂಡ ಬಿಟ್ಟರೆ ಈ ಹಕ್ಕಿ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾವರೆಗೆ ಇದರ ಊರು. ಪೇಟೆಗಿಂತ ಕಾಡಿನ ಅಂಚು ಇಷ್ಟ. ಒಂದು ಕಡೆ ಮರ, ಇನ್ನೊಂದು ಕಡೆ ಹೊಲ ಇರಬೇಕು. ದುರ್ಗದ ಸುತ್ತ ಇರುವುದು ಅಂಥದ್ದೇ ಜಾಗ. ಜಾಲಾರಿ, ದಿಂಡಿಗ, ಕಗ್ಗಲಿಯ ಕುರುಚಲು ಕಾಡು, ಬಂಡೆ, ಅದಕ್ಕೆ ಅಂಟಿಕೊಂಡ ರಾಗಿ ಹೊಲ.

ನವೆಂಬರ್, ಡಿಸೆಂಬರ್‌ನಲ್ಲಿ ಹೊಲದ ಅಂಚಿಗೆ ಹೋಗಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಜೋಳ ಹಾಕುತ್ತಾರಲ್ಲ, ಆ ತೆನೆಗೆ ಇವು ಬರುತ್ತವೆ. ಚಿಕ್ಕವಳಿದ್ದಾಗ ನನ್ನ ಕೆಲಸವೇ ಬೆಳಗಿನ ಜಾವ ಎಣ್ಣೆ ಡಬ್ಬ ಬಡಿಯುತ್ತಾ ಅವನ್ನು ಎಬ್ಬಿಸುವುದು. ಒಂದು ತೆನೆ ಪೂರ್ತಿ ತಿನ್ನುವುದಿಲ್ಲ, ಹತ್ತು ತೆನೆ ಕೆದಕುತ್ತವೆ. ರೈತರಿಗೆ ಸಿಟ್ಟು ಬರುವುದು ನ್ಯಾಯವೇ. ಹೊಲದವರನ್ನು ಕೇಳದೆ ಬದುವಿಗೂ ಕಾಲಿಡಬೇಡಿ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. "ಆ ಮೂಲೆಗೆ ಬರ್ತವೆ ನೋಡಮ್ಮ" ಅಂತ ಅವರೇ ತೋರಿಸುತ್ತಾರೆ.

ಆದರೆ ಹೊಸಬರಿಗೆ ನಾನು ಹೇಳುವುದು ಜನವರಿ ಕೊನೆಯಿಂದ ಮಾರ್ಚ್‌ವರೆಗಿನ ಕಾಲ. ಮುತ್ತುಗ ಹೂ ಬಿಡುವ ಕಾಲ. ಮರದಲ್ಲಿ ಎಲೆ ಇರುವುದಿಲ್ಲ, ಬರೀ ಬೆಂಕಿ ಬಣ್ಣದ ಹೂ. ಇವು ಮುತ್ತುಗದ, ಬೂರುಗದ ದಪ್ಪ ಎಸಳು ತಿನ್ನಲು ಬರುತ್ತವೆ. ಎಲೆಯ ಮರೆ ಇಲ್ಲದ್ದರಿಂದ ನೋಡುವುದು ಸುಲಭ. ಇಲ್ಲಿ ನನ್ನ ಮಾತು ಪರೀಕ್ಷೆ ಮಾಡಿ ನೋಡಿ. ಕೆಂಪು ಕಿತ್ತಳೆ ಹೂವಿನ ನಡುವೆ ಗಂಡಿನ ಕೆಂಪು ತಲೆ ಇನ್ನೊಂದು ಹೂವಿನ ಹಾಗೆ ಬೆರೆತು ಹೋಗುತ್ತದೆ. ಬೂದು ತಲೆ ಬೆರೆಯುವುದಿಲ್ಲ. ಆ ಬಣ್ಣದ ರಾಶಿಯಲ್ಲಿ ಬೂದು ಎದ್ದು ಕಾಣುತ್ತದೆ. ಅವಳು ಸಿಕ್ಕಿದ ಮೇಲೆ ಅದೇ ಕೊಂಬೆಯಲ್ಲಿ ಎರಡು ಮೊಳ ಆಚೆ ಈಚೆ ಹುಡುಕಿ.

ಮರದ ಮೇಲೆ ನೋಡುವ ಮುಂಚೆ ನೆಲ ನೋಡಿ. ಇದು ಯಾರೂ ಹೇಳಿಕೊಡದೆ ನಾನು ಕಲಿತ ಪಾಠ. ತಾನಾಗಿ ಉದುರಿದ ಮುತ್ತುಗದ ಹೂ ಇಡಿಯಾಗಿ ಇರುತ್ತದೆ, ಬಾಡಿರುತ್ತದೆ. ಗಿಣಿ ಬೀಳಿಸಿದ್ದು ತಾಜಾ. ಬುಡದಲ್ಲಿ ಕತ್ತರಿ ಹಾಕಿದ ಹಾಗೆ ಕಚ್ಚಿದ ಗುರುತು, ಎಸಳಿನಲ್ಲಿ ಅರ್ಧ ಚಂದ್ರದ ಕಡಿತ. ಒಂದು ಹೂ ಕೈಯಲ್ಲಿ ಹಿಡಿದು ನೋಡಿ. ಕಡಿದ ಕಡೆ ಇನ್ನೂ ಒದ್ದೆ ಇದ್ದರೆ ಹಕ್ಕಿ ಮೇಲೇ ಇದೆ. ಅಲ್ಲಾಡಬೇಡಿ. ಸುಮ್ನೆ ನಿಂತಿರಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಹೂ ತಟ್ ಅಂತ ಬೀಳುತ್ತದೆ. ಬಿದ್ದ ಜಾಗದಿಂದ ನೇರ ಮೇಲಕ್ಕೆ ಕಣ್ಣು ಎತ್ತಿ.

ಹೀಗೆ ಒಮ್ಮೆ ನಾಮದ ಚಿಲುಮೆಗೆ ಹೋಗುವ ದಾರಿಯಲ್ಲಿ ಒಂದು ಹೆಣ್ಣನ್ನು ನನ್ನ ತಲೆಯಿಂದ ಹತ್ತು ಅಡಿ ಮೇಲೆ ನೋಡಿದೆ. ಕೊಕ್ಕಿನಿಂದ ಕೊಂಬೆ ಕಚ್ಚಿ, ಒಂದು ಕಾಲು ಎತ್ತಿ ಇಟ್ಟು, ಆಮೇಲೆ ಇನ್ನೊಂದು. ಕೊಕ್ಕನ್ನು ಮೂರನೇ ಕಾಲಾಗಿ ಬಳಸಿ ಹತ್ತುತ್ತಿದ್ದಳು. ಗಿಣಿಯ ಕಾಲಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಅದರಿಂದ ಹಿಡಿತ ಇಕ್ಕಳದ ಹಾಗೆ. ಹೂವನ್ನು ಕಾಲಿನಲ್ಲಿ ಹಿಡಿದು ಬಾಯಿಗೆ ತಂದು, ಬುಡ ಕಚ್ಚಿ, ಎಸಳನ್ನು ನಾಲಿಗೆಯಿಂದ ತಿರುಗಿಸಿ ಅರೆದಳು. ಉಳಿದದ್ದು ನನ್ನ ಭುಜದ ಮೇಲೆ ಬಿತ್ತು. ಕಣ್ಣು ಹೊರಳಿಸಿ ಕೆಳಗೆ ನೋಡಿದಳು. ಹೋಗಲಿಲ್ಲ. ಇನ್ನೊಂದು ಹೂ ಕಿತ್ತಳು. ಅವತ್ತು ಅಂಗಡಿಗೆ ಲೇಟಾಯಿತು.

ಏಪ್ರಿಲ್, ಮೇನಲ್ಲಿ ಹಣ್ಣು ಬಿಟ್ಟ ಬಸರಿ, ಅತ್ತಿ, ಆಲದ ಮರ ನೋಡಿ. ಮಳೆಗಾಲದಲ್ಲಿ ಕಾಡು ದಟ್ಟವಾಗಿ ಹಕ್ಕಿಗಳು ಚೆದುರಿರುತ್ತವೆ, ನೋಡುವುದು ಕಷ್ಟ. ಆಗ ನಾನು ಕೂಗು ಕೇಳಿಯೇ ಸಮಾಧಾನ ಮಾಡಿಕೊಳ್ಳುತ್ತೇನೆ.

ಹೊತ್ತು ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಇಲ್ಲದಿದ್ದರೆ ಸಂಜೆ ನಾಲ್ಕೂವರೆ ಮೇಲೆ. ಸಂಜೆ ಹೊತ್ತು ಗುಂಪುಗಳು ರಾತ್ರಿ ತಂಗುವ ಮರದ ಕಡೆ ಹೊರಡುತ್ತವೆ, ಒಟ್ಟಿಗೆ ಮಲಗುವ ಹಕ್ಕಿ ಇದು. ಆದರೆ ಕತ್ತಲಾಗುವವರೆಗೆ ನಿಲ್ಲಬೇಡಿ. ದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇವೆ. ಬೆಳಿಗ್ಗೆಯೂ ಚೆನ್ನಾಗಿ ಬೆಳಕು ಹರಿಯುವ ತನಕ ರಸ್ತೆ ಬಿಟ್ಟು ಒಳಗೆ ಹೋಗಬೇಡಿ. ನಿಜ ಹೇಳಬೇಕೆಂದರೆ ಒಳಗೆ ಹೋಗುವ ಅಗತ್ಯವೇ ಇಲ್ಲ. ನಾನು ನೋಡಿದ ಗಿಣಿಗಳಲ್ಲಿ ಹೆಚ್ಚಿನವು ರಸ್ತೆ ಬದಿಯಲ್ಲೇ ಕಂಡವು.

ಬೈನಾಕ್ಯುಲರ್ ಇದ್ದರೆ 8x42, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವುದು ಸಾಕು, ಅದಕ್ಕಿಂತ ಜಾಸ್ತಿ ಹಿಗ್ಗಿಸುವುದನ್ನು ತೆಗೆದುಕೊಂಡರೆ ಕೈ ನಡುಗಿದಾಗ ಹಕ್ಕಿಯೂ ನಡುಗುತ್ತದೆ. ಬಟ್ಟೆ ಮಣ್ಣಿನ ಬಣ್ಣದ್ದೋ ಎಲೆ ಬಣ್ಣದ್ದೋ ಇರಲಿ. ಚೀಲದಲ್ಲಿ ತಿಂಡಿ ಇದ್ದರೆ ಗಾಡಿ ಡಿಕ್ಕಿಯಲ್ಲಿ ಬೀಗ ಹಾಕಿಡಿ. ಬಂಡೆಗಳ ಹತ್ತಿರ ನಿಂತಿದ್ದಾಗ ಹಳದಿ ಕೊರಳಿನ ಪಿಕಳಾರ ಕಂಡರೆ ಐದು ನಿಮಿಷ ಅದಕ್ಕೂ ಕೊಡಿ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಆ ಹಕ್ಕಿ ಎಲ್ಲೂ ಸಿಗುವುದಿಲ್ಲ.

ಗೂಡಿನ ಹತ್ತಿರ

ಇವು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮರಿ ಮಾಡುತ್ತವೆ. ಮರದ ಪೊಟರೆಯೇ ಗೂಡು. ಗಂಡು ಹೆಣ್ಣು ಎರಡೂ ಸೇರಿ ಕೊಕ್ಕಿನಿಂದ ಕೊರೆದು ಅಗಲ ಮಾಡಿಕೊಳ್ಳುತ್ತವೆ. ನಾಲ್ಕರಿಂದ ಆರು ಬಿಳಿ ಮೊಟ್ಟೆ. ಕಾವು ಕೂರುವವಳು ಅವಳೊಬ್ಬಳೇ, ಸುಮಾರು ಮೂರು ವಾರ. ಆ ದಿನಗಳಲ್ಲಿ ಬಣ್ಣದ ತಲೆ ಒಂದೇ ಮರದ ಸುತ್ತ ಒಂಟಿಯಾಗಿ ಓಡಾಡುತ್ತಿದ್ದರೆ, ಬೂದು ತಲೆ ಕಾಣದೇ ಇದ್ದರೆ, ಅರ್ಥ ಮಾಡಿಕೊಳ್ಳಿ. ಅವಳು ಒಳಗಿದ್ದಾಳೆ.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಆರು ವರ್ಷದ ಹಿಂದಿನ ಮಾತು. ರಸ್ತೆ ಬದಿಯ ಹಳೇ ಹಿಪ್ಪೆ ಮರ. ಎರಡಾಳಿಗಿಂತ ಸ್ವಲ್ಪ ಎತ್ತರದಲ್ಲಿ ಒಂದು ಪೊಟರೆ. ಅದರ ಬಾಯಿ ತುಂಬ ಒಂದು ಬೂದು ತಲೆ. ಹಳದಿ ಕೊಕ್ಕು ಹೊರಗೆ ಚಾಚಿ, ಅಲ್ಲಾಡದೆ ನನ್ನನ್ನೇ ನೋಡುತ್ತಿತ್ತು. ಪೊಟರೆಯ ಅಂಚಿನಲ್ಲಿ ಹೊಸದಾಗಿ ಕೊರೆದ ಮರ ಇನ್ನೂ ಬೆಳ್ಳಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಮೊಬೈಲ್ ಹಿಡಿದು ಮರದ ಬುಡಕ್ಕೇ ಹೋದೆ. ಅವಳು ಹಾರಿ ಎದುರಿನ ಹೊಂಗೆ ಮರದಲ್ಲಿ ಕೂತಳು. ಬರುತ್ತಾಳೆ, ಬಂದಾಗ ವಿಡಿಯೊ ಮಾಡೋಣ ಅಂತ ಅಲ್ಲೇ ನಿಂತೆ. ಅರ್ಧ ಗಂಟೆ ನಿಂತೆ. ಗಂಡು ಎರಡು ಸಲ ಬಂದು ಮರಕ್ಕೆ ಇಳಿಯದೇ ಹೋಯಿತು. ಅವಳು ಟೂಯ್, ಟೂಯ್ ಅಂತ ಕೂಗುತ್ತಲೇ ಇದ್ದಳು. ಅದು ಕರೆಯೋ ಹೆದರಿಕೆಯೋ ನನಗೆ ಆಗ ಹೊಳೆಯಲಿಲ್ಲ. ನಾಲ್ಕನೇ ದಿನ ಹೋಗಿ ನೋಡಿದರೆ ಆ ಪೊಟರೆಯಲ್ಲಿ ಗೊರವಂಕ ಹುಲ್ಲು ತುಂಬುತ್ತಿತ್ತು. ಆ ಜೋಡಿ ಅಲ್ಲಿಗೆ ಮತ್ತೆ ಬರಲಿಲ್ಲ. ಇವತ್ತಿಗೂ ಆ ಮರದ ಹತ್ತಿರ ಬಂದಾಗ ಗಾಡಿ ನಿಧಾನವಾಗುತ್ತದೆ.

ಅವತ್ತಿನಿಂದ ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಇದು, ನೀವೂ ಪಾಲಿಸಿ. ಗೂಡು ಇದೆ ಅಂತ ಗೊತ್ತಾದರೆ ಐವತ್ತು ಹೆಜ್ಜೆ ದೂರ. ಹತ್ತು ನಿಮಿಷ, ಅಷ್ಟೇ. ಹೆಣ್ಣು ಹೊರಗೆ ಕೂತು ಪೊಟರೆ ಕಡೆ ನೋಡುತ್ತಾ ಒಳಗೆ ಹೋಗದೇ ಇದ್ದರೆ ಹತ್ತು ನಿಮಿಷವೂ ಬೇಡ, ತಕ್ಷಣ ಹೊರಡಿ. ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ. ಗೂಡಿನ ಜಾಗವನ್ನು ಸ್ಟೇಟಸ್‌ನಲ್ಲಿ ಹಾಕಬೇಡಿ, ವಾಟ್ಸಾಪ್ ಗುಂಪಿನಲ್ಲೂ ಬೇಡ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ದೂರದಿಂದ ನೋಡಿದರೂ ನೋಡಲು ಬೇಕಾದಷ್ಟಿದೆ. ಗಂಡು ಬಂದು ಪಕ್ಕದ ಕೊಂಬೆಯಲ್ಲಿ ಕೂರುತ್ತದೆ, ಮೆಲ್ಲಗೆ ಕೂಗುತ್ತದೆ. ಅವಳು ಹೊರಗೆ ಬರುತ್ತಾಳೆ. ಅದು ಕತ್ತು ಮೇಲೆ ಕೆಳಗೆ ಮಾಡಿ, ತಾನು ತಿಂದು ತಂದದ್ದನ್ನು ಗಂಟಲಿನಿಂದ ತೆಗೆದು ಅವಳ ಕೊಕ್ಕಿಗೆ ಕೊಡುತ್ತದೆ. ಕೆಂಪು ತಲೆ, ಬೂದು ತಲೆ ಎರಡೂ ಒಂದಕ್ಕೊಂದು ತಾಗುವುದು ಆಗ ಮಾತ್ರ. ನನಗೆ ಅದು ಐವತ್ತು ಹೆಜ್ಜೆ ದೂರದಿಂದಲೇ ಚೆಂದ.

ಮರಿಗಳು ಹೊರಬರಲು ಆರೇಳು ವಾರ ಬೇಕು. ಮರಿಗಳ ತಲೆ ಹಸಿರು! ಗಂಡು ಮರಿಯದೂ ಹಸಿರೇ. ಬಣ್ಣದ ತಲೆ ಪೂರ್ತಿ ಬರುವ ಹೊತ್ತಿಗೆ ಎರಡು ವರ್ಷ ಆಗಿರುತ್ತದೆ. ಮೊದಲ ಸಲ ನೋಡಿದಾಗ ನಾನು ಮೋಸ ಹೋಗಿದ್ದೆ, ಯಾವುದೋ ಹೊಸ ಜಾತಿ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಬಸರಿ ಮರದಲ್ಲಿ ಹಸಿರು ತಲೆ, ಹಳದಿ ಕೊಕ್ಕಿನ ಗಿಣಿಗಳು ರೆಕ್ಕೆ ಬಡಿಯುತ್ತಾ ಗೋಗರೆಯುತ್ತಿದ್ದರೆ ಅವು ಆ ವರ್ಷದ ಮರಿಗಳು.

ಪಂಜರದ ಮಾತು

ಗೂಡಿನ ಗುಟ್ಟು ಬಿಟ್ಟುಕೊಡಬೇಡಿ ಅಂದೆನಲ್ಲ, ಕಾರಣ ಇದು. ಒಂದು ಸಂತೆಯಲ್ಲಿ ಒಬ್ಬ ಬುಟ್ಟಿಯಲ್ಲಿ ಮರಿ ಇಟ್ಟುಕೊಂಡು "ಮಾತಾಡೋ ಗಿಣಿ" ಅಂತ ಮಾರುತ್ತಿದ್ದ. ಎಲ್ಲವೂ ಹಸಿರು ತಲೆ. ಕೊಳ್ಳುವವರಿಗೆ ಮಾಮೂಲಿ ಗಿಣಿ ಮರಿ. ನನಗೆ ಕೊಕ್ಕು ಕಂಡಿತು, ಹಳದಿ. ಕೈಕಾಲು ತಣ್ಣಗಾಯಿತು. ನಾನು ಫೋನ್ ತೆಗೆದು ಯಾರಿಗೆ ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಅವನು ಬುಟ್ಟಿ ಎತ್ತಿಕೊಂಡು ಜನರಲ್ಲಿ ಸೇರಿಹೋದ. ಯಾರಿಗೆ ಹೇಳಬೇಕು ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ನಮ್ಮ ದೇಶದ ಯಾವ ಗಿಣಿಯನ್ನೂ ಹಿಡಿಯುವುದು, ಮಾರುವುದು, ಮನೆಯಲ್ಲಿ ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಒಮ್ಮೆ ಒಬ್ಬರು ಗಿರಾಕಿ ಪಂಜರಕ್ಕೆ ಮುಸುಕು ಹೊಲಿಸಲು ಗಿಣಿ ಹಸಿರು ಬಟ್ಟೆ ಕೇಳಿಕೊಂಡು ಬಂದರು. "ಅಮ್ಮಾ, ಬಟ್ಟೆ ಕೊಡ್ತೀನಿ, ಆದ್ರೆ ಒಂದ್ಮಾತು" ಅಂತ ಶುರು ಮಾಡಿ ಎಲ್ಲ ಹೇಳಿದೆ. ಅವರಿಗೆ ಪ್ರೀತಿ ಇತ್ತು, ಮಾಹಿತಿ ಇರಲಿಲ್ಲ. "ಹಾಗಾದ್ರೆ ನಾಳೆನೇ ಬಾಗಿಲು ತೆಗೆದು ಬಿಡ್ತೀನಿ" ಅಂದರು. ಅದೂ ಬೇಡ ಅಂದೆ. ರೆಕ್ಕೆ ಕತ್ತರಿಸಿದ ಹಕ್ಕಿ, ಹಾರಿ ಅಭ್ಯಾಸವಿಲ್ಲದ ಹಕ್ಕಿ ಸಂಜೆಯೊಳಗೆ ಬೆಕ್ಕಿನ ಬಾಯಿಗೆ ಹೋಗುತ್ತದೆ. ಅರಣ್ಯ ಇಲಾಖೆಯವರಿಗೇ ಒಪ್ಪಿಸಬೇಕು. ಅವರು ಹಾಗೇ ಮಾಡಿದರು. ಆಮೇಲೆ ಬಂದು ಬಟ್ಟೆಯನ್ನೂ ತೆಗೆದುಕೊಂಡರು, ಮಗಳ ಲಂಗಕ್ಕೆ.

ನಿಮ್ಮ ತೋಟದಲ್ಲಿ ಒಣಗಿದ ಮರ ಇದ್ದರೆ, ಯಾರ ಮೇಲೂ ಬೀಳುವ ಭಯ ಇಲ್ಲದಿದ್ದರೆ, ಸೌದೆಗೆ ಕಡಿಸಬೇಡಿ. ಪೊಟರೆ ಇಲ್ಲದೆ ಇವಕ್ಕೆ ಸಂಸಾರವೇ ಇಲ್ಲ. ನಮ್ಮ ಅಣ್ಣ ಬದುವಿನ ಒಣ ಹಿಪ್ಪೆಯನ್ನು ನಾನು ಕಾಡಿ ಬೇಡಿದ ಮೇಲೆ ಉಳಿಸಿದ್ದಾನೆ. ಈಗ ಅದರಲ್ಲಿ ಮಾಮೂಲಿ ಗಿಣಿ ಇದೆ. ಇರಲಿ.

ಬರೆದಿಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಹೊತ್ತು, ಯಾವ ಮರ, ಏನು ತಿನ್ನುತ್ತಿತ್ತು. ಆಮೇಲೆ ಲೆಕ್ಕವನ್ನು ಮೂರು ಮನೆ ಮಾಡಿ ಬರೆಯಿರಿ: ಬಣ್ಣದ ತಲೆ ಎಷ್ಟು, ಬೂದು ತಲೆ ಎಷ್ಟು, ಹಸಿರು ತಲೆ ಎಷ್ಟು. ಸುಮ್ನೆ "ಗಿಣಿ ಹನ್ನೆರಡು" ಅಂತ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಇ-ಬರ್ಡ್ ಆ್ಯಪ್ ಬಳಸುವವರು ಅಲ್ಲೂ ಹಾಕಿ, ಗೂಡಿನ ಜಾಗವೊಂದನ್ನು ಬಿಟ್ಟು.

ನನ್ನ ಅಣ್ಣನ ಮಗ ಏಳನೇ ಕ್ಲಾಸು. ಈ ಬೇಸಿಗೆ ರಜೆಯಲ್ಲಿ ಹದಿನೈದು ದಿನ ನನ್ನ ಸ್ಕೂಟರ್ ಹಿಂದೆ ಕೂತು ಬಂದ. ಮೊದಲ ದಿನ "ಅತ್ತೆ, ಕೆಂಪು ತಲೆ ಎಲ್ಲಿ? ಕೆಂಪು ತಲೆ ಎಲ್ಲಿ?" ಅಂತ ಒಂದೇ ಸಮ ಕೇಳಿದ. ಅವನಿಗೂ ಬೂದು ತಲೆ ಹುಡುಕಲು ಹೇಳಿದೆ. ಅವನ ಪುಸ್ತಕದ ಕೊನೆಯ ಸಾಲು ನನ್ನ ಎದುರಿಗೇ ಇದೆ, ಅವನು ಬರೆದ ಹಾಗೇ ಇಡುತ್ತೇನೆ: ಬಸರಿ ಮರ, ಬೆಳಿಗ್ಗೆ 7.10. ಬಣ್ಣ 2. ಬೂದು 3. ಹಸಿರು 4, ಅದರಲ್ಲಿ ಒಂದು ಬೂದು ತಲೆ ಹಿಂದೆಯೇ ಹೋಗ್ತಾ ಇದೆ, ಬಾಯಿ ತೆಗೆದುಕೊಂಡು.